ಹಂಡೆಯ ನೀರಿಗೆ ಬಿಸಿಲೇ ಸೌದೆ

*ಬಯಲುಸೀಮೆಯ ಬಿಸಿಲು ಊರೂರಿಗೆ ವಿದ್ಯುತ್ ಕೊಡುತ್ತಿದೆ. ಅದೇ ಬಿಸಿಲು ಅಲ್ಲಿನ ಮನೆಗಳ ಬಚ್ಚಲಿಗೂ ಇಳಿದರೆ ಟನ್ನುಗಟ್ಟಲೆ ಸೌದೆ ಉಳಿಯುತ್ತದೆ, ಹೆಣ್ಣುಮಕ್ಕಳ ಕಣ್ಣಿನ ಉರಿಯೂ ತಪ್ಪುತ್ತದೆ.*

ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕು ದಶಕಗಳ ಕಾಲ ಸುದ್ದಿಯಾದದ್ದು ಬರಗಾಲಕ್ಕೆ, ಬತ್ತಿದ ಕೊಳವೆಬಾವಿಗಳಿಗೆ, ಫ್ಲೋರೈಡ್ ನೀರಿಗೆ. ಅದೇ ತಾಲ್ಲೂಕಿನ ತಿರುಮಣಿ, ವಳ್ಳೂರು, ಬಳಸಮುದ್ರ, ರಾಯಚೆರ್ಲು, ಕ್ಯಾತಗಾನಚೆರ್ಲು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ ಇಂದು ಕಣ್ಣು ಹಾಯಿಸಿದಷ್ಟು ದೂರ ಸೌರಫಲಕಗಳು. 2018ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಈ ಸೋಲಾರ್ ಪಾರ್ಕಿನ ಸಾಮರ್ಥ್ಯ 2,050 ಮೆಗಾವಾಟ್. ಇಲ್ಲಿ ರೈತರು ಜಮೀನು ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಕೆ ಎಂಬ ಕರಾರಿನೊಂದಿಗೆ ಶುರುವಾದ ಈ ವ್ಯವಸ್ಥೆಯಲ್ಲಿ, ಮಳೆ ಕೈಕೊಟ್ಟರೂ ಬಿಸಿಲು ಕೈಬಿಡುವುದಿಲ್ಲ ಎಂಬುದನ್ನು ಇಡೀ ಸೀಮೆ ಕಂಡುಕೊಂಡಿತು.

ಬಿಸಿಲಿಗೆ ಬೆಲೆಯಿದೆ ಎಂದು ಇಷ್ಟು ದೊಡ್ಡದಾಗಿ ತೋರಿಸಿಕೊಟ್ಟ ಈ ಸೀಮೆಯಲ್ಲೇ ಬೆಳಗಿನ ಜಾವ ಹಳ್ಳಿಯೊಳಗೆ ನಡೆದರೆ ಮನೆಗಳ ಹಿತ್ತಲಿನಿಂದ ಹೊಗೆ ಏಳುವುದು ಕಾಣುತ್ತದೆ. ಪಾವಗಡ, ಚಳ್ಳಕೆರೆ, ಮೊಳಕಾಲ್ಮುರು ಕಡೆ ಹಂಡೆ ಒಲೆಗೆ ಬಳ್ಳಾರಿ ಜಾಲಿಯ ಮುಳ್ಳುಕೊಂಬೆ. ಕಲಬುರಗಿ, ರಾಯಚೂರು ಕಡೆ ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ. ತಿಪಟೂರು, ಅರಸೀಕೆರೆ ಕಡೆ ತೆಂಗಿನ ಗರಿ, ಮಟ್ಟೆ. ಉರುವಲು ಬೇರೆ ಬೇರೆಯಾದರೂ ಕೆಲಸ ಒಂದೇ: ಮನೆಮಂದಿಯ ಸ್ನಾನಕ್ಕೆ ನೀರು ಕಾಯಿಸುವುದು. ವರ್ಷದ ಬಹುಪಾಲು ದಿನ ಬಿಸಿಲು ಸುರಿಯುವ ನಾಡಿನಲ್ಲಿ ಈ ಕೆಲಸವನ್ನು ಬೆಂಕಿಯಿಂದ ಬಿಡಿಸಿ ಬಿಸಿಲಿಗೆ ಒಪ್ಪಿಸುವುದು ಸಾಧ್ಯವಿದೆ, ಸುಲಭವೂ ಇದೆ. ಹಳ್ಳಿಯ ಮನೆಯಲ್ಲಿ ಇಂಧನ ಉಳಿಸುವ ಕೆಲಸ ಎಲ್ಲಿಂದ ಶುರುವಾಗಬೇಕು ಎಂದು ಕೇಳಿದರೆ ಬಚ್ಚಲಿನಿಂದ ಎಂಬುದೇ ಈ ಲೇಖನದ ಉತ್ತರ.

ಯೋಜನೆಗಳು ಮರೆತ ಒಲೆ

2016ರಲ್ಲಿ ಉಜ್ವಲ ಯೋಜನೆ ಬಂದ ಮೇಲೆ ಬಡವರ ಮನೆಯ ಅಡುಗೆ ಕೋಣೆಗೂ ಗ್ಯಾಸ್ ಒಲೆ ಬಂತು. ಚಹಾ, ಹಾಲು, ಸಾರು, ಪಲ್ಯ ಗ್ಯಾಸಿನ ಮೇಲೆ ಆಗತೊಡಗಿದವು. ಆದರೆ ಹಂಡೆ ಒಲೆ ಇದ್ದಲ್ಲೇ ಉಳಿಯಿತು. ಐದು ಜನರ ಮನೆಯ ಸ್ನಾನದ ನೀರನ್ನು ಗ್ಯಾಸಿನಲ್ಲೇ ಕಾಯಿಸಹೊರಟರೆ 14.2 ಕಿಲೋ ಸಿಲಿಂಡರ್ ಅದೊಂದಕ್ಕೇ ಐದು ವಾರದಲ್ಲಿ ಖಾಲಿಯಾಗುತ್ತದೆ. ಅಷ್ಟು ದುಡ್ಡನ್ನು ಮೈಮೇಲೆ ಸುರಿದುಕೊಳ್ಳಲು ಯಾವ ಮನೆಯೊಡತಿಯೂ ಒಪ್ಪುವುದಿಲ್ಲ. ಹಾಗಾಗಿ ಸೌದೆ ಹೊರೆ, ಊದುಗೊಳವೆ, ಹೊಗೆ ಮೂರೂ ಬಚ್ಚಲಲ್ಲಿ ಮುಂದುವರಿದವು.

ಹೊಗೆ ಸಣ್ಣ ವಿಷಯವಲ್ಲ. ಮನೆಯ ಒಲೆಗಳಿಂದ ಏಳುವ ಮಾಲಿನ್ಯ ಭಾರತದಲ್ಲಿ 2019ರ ಒಂದೇ ವರ್ಷದಲ್ಲಿ ಸುಮಾರು 6 ಲಕ್ಷ ಅಕಾಲಿಕ ಸಾವುಗಳಿಗೆ ಕಾರಣವಾಯಿತು ಎಂದು ಜಾಗತಿಕ ರೋಗಭಾರ ಅಧ್ಯಯನ ಅಂದಾಜು ಮಾಡಿದೆ. ಅಡುಗೆ ಮನೆಯಲ್ಲಿ ಗ್ಯಾಸ್ ಇದ್ದರೂ ಬಚ್ಚಲ ಒಲೆಯ ಮುಂದೆ ದಿನವೂ ಕೂರುವ ಹೆಣ್ಣುಮಗಳ ಶ್ವಾಸಕೋಶಕ್ಕೆ ಪೂರ್ತಿ ಬಿಡುವು ಸಿಕ್ಕಿಲ್ಲ. ಮನೆಯಲ್ಲಿ ಬಾಣಂತಿಯಿದ್ದರಂತೂ ಹಂಡೆಗಟ್ಟಲೆ ನೀರು ಕಾಯಬೇಕು. ತಾಯಿಗೂ ಕೂಸಿಗೂ ಎರೆದು ಮುಗಿಸುವಷ್ಟರಲ್ಲಿ ಒಲೆ ಮುಂದಿನ ಅಜ್ಜಿಯೋ ಅತ್ತೆಯೋ ಕಣ್ಣು ಕೆಂಪಾಗಿಸಿಕೊಂಡು ಎದ್ದಿರುತ್ತಾರೆ.

ಒಂದು ಹಂಡೆಯ ಲೆಕ್ಕ

ಐದು ಜನ, ತಲೆಗೊಂದು ಇಪ್ಪತ್ತು ಲೀಟರಿನ ಬಕೆಟ್, ಒಟ್ಟು 100 ಲೀಟರ್ ಎಂದುಕೊಳ್ಳೋಣ. ಇಷ್ಟು ನೀರನ್ನು 20 ಡಿಗ್ರಿಯಿಂದ 45 ಡಿಗ್ರಿಗೆ ಏರಿಸಲು 2,500 ಕಿಲೋ ಕ್ಯಾಲರಿ ಶಾಖ ಬೇಕು. ವಿದ್ಯುತ್ತಿನ ಭಾಷೆಯಲ್ಲಿ ಹೇಳಿದರೆ ಸುಮಾರು 2.9 ಯೂನಿಟ್. ಒಣ ಸೌದೆಯ ಒಂದು ಕಿಲೋದಲ್ಲಿ ಸುಮಾರು 3,500 ಕಿಲೋ ಕ್ಯಾಲರಿ ಇರುತ್ತದೆ. ಸೌದೆಯ ಶಾಖವೆಲ್ಲ ನೀರಿಗೆ ಸೇರುವಂತಿದ್ದರೆ ಮುಕ್ಕಾಲು ಕಿಲೋ ಸಾಕಾಗುತ್ತಿತ್ತು. ಆದರೆ ಮೂರು ಕಲ್ಲಿನ ತೆರೆದ ಒಲೆಯಲ್ಲಿ ಶಾಖದ ಹತ್ತರಲ್ಲೊಂದು ಪಾಲಿಗಿಂತ ತುಸು ಹೆಚ್ಚು ಮಾತ್ರ ನೀರಿಗೆ ಸೇರುತ್ತದೆ. ಉಳಿದದ್ದು ಗೋಡೆಗೆ, ಗಾಳಿಗೆ, ಹೊಗೆಗೆ. ಹಾಗಾಗಿ ದಿನಕ್ಕೆ ಆರು ಕಿಲೋದಷ್ಟು ಸೌದೆ ಹೋಗುತ್ತದೆ. ಬೇಸಿಗೆಯ ಎರಡು ತಿಂಗಳು ತಣ್ಣೀರೇ ಸಾಕು ಎಂದು ಬಿಟ್ಟರೂ ವರ್ಷಕ್ಕೆ ಒಂದೂವರೆ ಟನ್ ದಾಟುತ್ತದೆ. ಅಷ್ಟನ್ನೂ ಕಡಿದು, ಹೊತ್ತು, ಒಣಗಿಸಿ, ಉರಿಸಬೇಕು.

ಇನ್ನು ಬಿಸಿಲಿನ ಲೆಕ್ಕ. ಕರ್ನಾಟಕದ ಒಳನಾಡಿನಲ್ಲಿ ಒಂದು ಚದರ ಮೀಟರ್ ಜಾಗದ ಮೇಲೆ ದಿನಕ್ಕೆ ಸರಾಸರಿ ಐದರಿಂದ ಐದೂವರೆ ಯೂನಿಟ್‌ನಷ್ಟು ಶಕ್ತಿ ಬೀಳುತ್ತದೆ. ಎರಡು ಚದರ ಮೀಟರ್ ಫಲಕ, ಅಂದರೆ ಒಂದು ಬಾಗಿಲಿನಷ್ಟು ಅಗಲದ್ದು, ಅದರಲ್ಲಿ ಅರ್ಧವನ್ನು ಹಿಡಿದರೂ ಐದು ಯೂನಿಟ್ ಶಾಖ ಸಿಗುತ್ತದೆ. 100 ಲೀಟರ್ ನೀರು ನಲವತ್ತು ಡಿಗ್ರಿಗಿಂತ ಹೆಚ್ಚು ಏರುವುದಕ್ಕೆ ಇಷ್ಟು ಸಾಕು. ಬೇಕಾದದ್ದಕ್ಕಿಂತ ಹೆಚ್ಚನ್ನೇ ಸೂರ್ಯ ಕೊಡುತ್ತಾನೆ. 100 ಲೀಟರಿನ ಒಂದು ಸೋಲಾರ್ ವಾಟರ್ ಹೀಟರ್, ವಿದ್ಯುತ್ ಗೀಸರಿನ ಬದಲು ಕೆಲಸ ಮಾಡಿದರೆ ವರ್ಷಕ್ಕೆ ಸುಮಾರು 1,500 ಯೂನಿಟ್ ಉಳಿಸುತ್ತದೆ ಎಂದು ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯವೇ ಲೆಕ್ಕ ಕೊಟ್ಟಿದೆ.

ಬಿಸಿಲನ್ನು ಬೆಳಗಿನವರೆಗೆ ಉಳಿಸುವ ಜಾಣ್ಮೆ

ಏಪ್ರಿಲ್ ತಿಂಗಳ ಮಧ್ಯಾಹ್ನ ಮಾಳಿಗೆ ಮೇಲಿನ ಕಪ್ಪು ಟ್ಯಾಂಕಿನ ನಲ್ಲಿ ತಿರುಗಿಸಿದರೆ ಕೈ ಸುಡುವ ನೀರು ಬರುವುದು ಬಯಲುಸೀಮೆಯವರಿಗೆಲ್ಲ ಗೊತ್ತು. ನೀರು ಕಾಯಿಸಲು ಸೂರ್ಯನಿಗೆ ಯಾವ ಯಂತ್ರವೂ ಬೇಕಿಲ್ಲ. ಕಷ್ಟವಿರುವುದು ಆ ಶಾಖವನ್ನು ರಾತ್ರಿಯಿಡೀ ಕಾಪಾಡಿ ಬೆಳಗಿನ ಸ್ನಾನಕ್ಕೆ ಉಳಿಸುವುದರಲ್ಲಿ. ಸೋಲಾರ್ ವಾಟರ್ ಹೀಟರ್ ಮಾಡುವ ಮುಖ್ಯ ಕೆಲಸ ಇದೇ.

ಮಾರುಕಟ್ಟೆಯಲ್ಲಿ ಎರಡು ಬಗೆ ಸಿಗುತ್ತವೆ. ಒಂದು, ಜನ 'ಪ್ಲೇಟ್ ಸೋಲಾರ್' ಎನ್ನುವ ಚಪ್ಪಟೆ ಫಲಕದ್ದು. ಗಾಜಿನ ಕೆಳಗೆ ಕಪ್ಪು ಬಳಿದ ತಾಮ್ರದ ಹಾಳೆ ಮತ್ತು ಕೊಳವೆಗಳಿರುತ್ತವೆ. 100 ಲೀಟರಿಗೆ ಎರಡು ಚದರ ಮೀಟರ್ ಫಲಕ ಬೇಕು. ಇನ್ನೊಂದು, ಸಾಲಾಗಿ ಗಾಜಿನ ಕೊಳವೆಗಳಿರುವ 'ಟ್ಯೂಬ್ ಸೋಲಾರ್'. ಪ್ರತಿ ಕೊಳವೆಗೂ ಎರಡು ಪದರ ಗಾಜು, ನಡುವೆ ಗಾಳಿ ತೆಗೆದ ಜಾಗ. ಚಹಾದ ಫ್ಲಾಸ್ಕ್ ಬಿಸಿಯನ್ನು ಹೊರಗೆ ಬಿಡದಂತೆಯೇ ಇದು ಹಿಡಿದ ಶಾಖವನ್ನು ಬಿಡುವುದಿಲ್ಲ. ಬೆಲೆ ಕಡಿಮೆಯಿರುವುದರಿಂದ ಹಳ್ಳಿಗಳಲ್ಲಿ ಇದೇ ಹೆಚ್ಚು.

ಎರಡರಲ್ಲೂ ಪಂಪು ಬೇಡ, ಕರೆಂಟು ಬೇಡ. ಕಾದ ನೀರು ಹಗುರವಾಗಿ ತಾನಾಗಿಯೇ ಮೇಲಿನ ಟ್ಯಾಂಕಿಗೆ ಏರುತ್ತದೆ, ತಣ್ಣೀರು ಭಾರವಾಗಿ ಕೆಳಗಿಳಿಯುತ್ತದೆ. ಸೂರ್ಯ ಮುಳುಗುವವರೆಗೆ ಈ ಸುತ್ತಾಟ ನಡೆಯುತ್ತಲೇ ಇರುತ್ತದೆ. ಟ್ಯಾಂಕಿನ ಸುತ್ತ ತುಂಬಿದ ದಪ್ಪ ಫೋಮ್ ಹೊದಿಕೆ ರಾತ್ರಿಯ ಚಳಿಯನ್ನು ತಡೆಯುತ್ತದೆ. ಬೆಳಿಗ್ಗೆ ಆರಕ್ಕೆ ನಲ್ಲಿ ತಿರುಗಿಸಿದರೆ ನಿನ್ನೆಯ ಬಿಸಿಲು ನೀರಾಗಿ ಬರುತ್ತದೆ.

ಉಚಿತ ವಿದ್ಯುತ್ ಇರುವಾಗ ಸೋಲಾರ್ ಯಾಕೆ?

ಇದು ಹಳ್ಳಿಗಳಲ್ಲಿ ಈಗ ಕೇಳಿಬರುವ ಪ್ರಶ್ನೆ, ನ್ಯಾಯವಾದ ಪ್ರಶ್ನೆಯೂ ಹೌದು. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳಿಗೆ 200 ಯೂನಿಟ್‌ವರೆಗೆ ಉಚಿತ ಎಂಬ ಮಾತನ್ನು ಎಲ್ಲರೂ ಕೇಳಿದ್ದೇವೆ. ಆದರೆ ಪ್ರತಿ ಮನೆಗೂ 200 ಯೂನಿಟ್ ಸಿಗುವುದಿಲ್ಲ. ಹಿಂದಿನ ಸರಾಸರಿ ಬಳಕೆ ಮತ್ತು ಅದರ ಮೇಲೊಂದಿಷ್ಟು ಹೆಚ್ಚುವರಿ, ಅಷ್ಟೇ ಆ ಮನೆಯ ಉಚಿತ ಮಿತಿ. ಅದನ್ನು ದಾಟಿದರೆ ದಾಟಿದಷ್ಟಕ್ಕೆ ಹಣ ಕಟ್ಟಬೇಕು. 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು.

ನಾಲ್ಕು ಬಲ್ಬು, ಒಂದು ಫ್ಯಾನು, ಒಂದು ಟಿವಿ ಇರುವ ಹಳ್ಳಿಯ ಮನೆಯ ಸರಾಸರಿ 60 ಯೂನಿಟ್ ಎಂದಿಟ್ಟುಕೊಳ್ಳಿ. ಅಲ್ಲಿ ಗೀಸರ್ ಬಂದರೆ ಸ್ನಾನದ ನೀರೊಂದಕ್ಕೇ ತಿಂಗಳಿಗೆ ಸುಮಾರು 90 ಯೂನಿಟ್ ಹೆಚ್ಚು ಬೇಕು. ಇಷ್ಟು ದಿನ ಸೊನ್ನೆಯಾಗಿದ್ದ ಬಿಲ್ಲು ಆ ತಿಂಗಳಿಂದಲೇ ಏರುತ್ತದೆ. ಇದರ ಜೊತೆಗೆ, ಊರಿನ ಗೀಸರುಗಳೆಲ್ಲ ಬೆಳಗಿನ ಅದೇ ಎರಡು ಗಂಟೆಯಲ್ಲಿ ಉರಿಯತೊಡಗಿದರೆ ಟ್ರಾನ್ಸ್‌ಫಾರ್ಮರಿನ ಮೇಲೆ ಹೊರೆ ಬೀಳುತ್ತದೆ, ವೋಲ್ಟೇಜ್ ಇಳಿಯುತ್ತದೆ. ಸೂರ್ಯ ಇನ್ನೂ ಮೇಲೇರದ ಆ ಹೊತ್ತಿನಲ್ಲಿ ಸೋಲಾರ್ ಪಾರ್ಕುಗಳೂ ನೆರವಿಗೆ ಬರಲಾರವು.

ಅಗ್ಗವೆಂದು ಕೊಳ್ಳುವ, ಬಕೆಟ್ಟಿಗೆ ಇಳಿಬಿಡುವ ಹೀಟರ್ ಕಾಯಿಲ್ ಇದಕ್ಕಿಂತ ಅಪಾಯ. ಸರಿಯಾದ ಅರ್ಥಿಂಗ್ ಇಲ್ಲದ ಮನೆಗಳಲ್ಲಿ, ಒದ್ದೆ ನೆಲದ ಮೇಲೆ, ಸ್ವಿಚ್ ಆರಿಸದೆ ನೀರು ಮುಟ್ಟಿ ನೋಡುವ ಅಭ್ಯಾಸ ಪ್ರಾಣಕ್ಕೇ ಕುತ್ತು ತರುತ್ತದೆ. ಗ್ಯಾಸ್ ಗೀಸರನ್ನು ಕಿಟಕಿ ಮುಚ್ಚಿದ ಸಣ್ಣ ಬಚ್ಚಲಲ್ಲಿ ಹಾಕುವುದು ಅಷ್ಟೇ ಘೋರ. ವಾಸನೆಯೂ ಬಣ್ಣವೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಸ್ನಾನಕ್ಕೆ ಹೋದವರನ್ನು ಸದ್ದಿಲ್ಲದೆ ಬಲಿ ಪಡೆದ ಸುದ್ದಿಗಳನ್ನು ನಾವು ಮತ್ತೆ ಮತ್ತೆ ಓದುತ್ತಿದ್ದೇವೆ.

ಮೋಡದ ದಿನಕ್ಕೆ ಸುಧಾರಿತ ಒಲೆ

ಬಿಸಿಲು ವರ್ಷದ ಎಲ್ಲ ದಿನವೂ ಇರುವುದಿಲ್ಲ. ಮುಂಗಾರಿನ ಕೆಲವು ವಾರ, ಅಕ್ಟೋಬರ್–ನವೆಂಬರಿನ ಚಂಡಮಾರುತದ ದಿನಗಳು ಬಯಲುಸೀಮೆಯಲ್ಲೂ ಮಬ್ಬಾಗಿರುತ್ತವೆ. ಆ ದಿನಗಳಿಗೆ ಹಂಡೆ ಒಲೆ ಬೇಕೇ ಬೇಕು. ಅದು ಒಳ್ಳೆಯ ಒಲೆಯಾಗಿದ್ದರೆ ಸಾಕು.

ಈ ವಿಷಯದಲ್ಲಿ ಕರ್ನಾಟಕಕ್ಕೆ ದೊಡ್ಡ ಪರಂಪರೆಯಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ವಿಜ್ಞಾನಿ ಅಮೂಲ್ಯ ಕೆ.ಎನ್. ರೆಡ್ಡಿ ಅವರು 'ಅಸ್ತ್ರ' ಕೇಂದ್ರವನ್ನು ಕಟ್ಟಿದರು. ಗ್ರಾಮೀಣ ಪ್ರದೇಶಗಳಿಗೆ ವಿಜ್ಞಾನ, ತಂತ್ರಜ್ಞಾನವನ್ನು ಒಯ್ಯುವುದೇ ಅದರ ಗುರಿ. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ವಿಸ್ತರಣಾ ಕೇಂದ್ರವಿತ್ತು. ಸುತ್ತಲಿನ ಹಳ್ಳಿಗಳಲ್ಲಿ ಯಾವ ಮನೆಗೆ ಎಷ್ಟು ಸೌದೆ ಬೇಕು, ಅದನ್ನು ಯಾರು ಹೊರುತ್ತಾರೆ ಎಂದು ಅಲ್ಲಿನವರು ಮನೆಮನೆಗೆ ಹೋಗಿ ಅಳೆದರು. ಅಲ್ಲಿಂದ ಹುಟ್ಟಿದ್ದೇ ಹೆಸರಾದ 'ಅಸ್ತ್ರ ಒಲೆ'. ಅಡುಗೆಯ ಒಲೆಯ ಜೊತೆಗೆ ಸ್ನಾನದ ನೀರಿನ ಒಲೆಯನ್ನೂ ಅವರು ರೂಪಿಸಿದರು. ಆ ಕೇಂದ್ರ ಇಂದು ಸುಸ್ಥಿರ ತಂತ್ರಜ್ಞಾನ ಕೇಂದ್ರವಾಗಿ ಮುಂದುವರಿದಿದೆ.

ಇಂಥ ಒಲೆಯ ಸೂತ್ರ ಸರಳ. ಹಂಡೆಯ ಸುತ್ತ ಗೋಡೆ ಕಟ್ಟಿ ಬೆಂಕಿಯ ಬಿಸಿಗಾಳಿ ಹಂಡೆಯ ಮೈಯನ್ನೆಲ್ಲ ಸವರಿಕೊಂಡು ಹೋಗುವಂತೆ ಮಾಡುವುದು, ಸೌದೆಯ ಕೆಳಗೆ ಕಬ್ಬಿಣದ ಜಾಲರಿಯಿಟ್ಟು ಗಾಳಿ ಆಡಲು ಬಿಡುವುದು, ಹೊಗೆಯನ್ನು ಕೊಳವೆಯ ಮೂಲಕ ಸೂರಿನ ಮೇಲಕ್ಕೆ ಕಳಿಸುವುದು, ಹಂಡೆಗೆ ಬಿಗಿಯಾದ ಮುಚ್ಚಳ ಹಾಕುವುದು. ಒಲೆಯ ದಕ್ಷತೆ ಶೇ 30 ಮುಟ್ಟಿದರೂ ಆರು ಕಿಲೋ ಸೌದೆಯ ಕೆಲಸ ಎರಡೂವರೆ ಕಿಲೋದಲ್ಲಿ ಆಗುತ್ತದೆ. ಊರಿನ ಗಾರೆ ಕೆಲಸದವರೇ ಕಟ್ಟಬಹುದಾದ ಒಲೆ ಇದು. ಸೋಲಾರ್ ಕೊಳ್ಳಲು ಇನ್ನೂ ಶಕ್ತಿಯಿಲ್ಲದ ಮನೆ ಇಲ್ಲಿಂದ ಆರಂಭಿಸಲಿ. ಸೋಲಾರ್ ಇರುವ ಮನೆ ಇದನ್ನು ಮಳೆಗಾಲದ ಆಸರೆಯಾಗಿ ಇಟ್ಟುಕೊಳ್ಳಲಿ.

ಹಳ್ಳಿಯ ಮನೆಗೆ ಒಗ್ಗಬೇಕು

ಇವತ್ತಿನ ಸೋಲಾರ್ ಹೀಟರುಗಳು ನಗರದ ಆರ್‌ಸಿಸಿ ತಾರಸಿಯನ್ನು ಕಣ್ಣಮುಂದಿಟ್ಟುಕೊಂಡು ತಯಾರಾದವು. ಹಳ್ಳಿಯ ಮನೆ ಹಾಗಿರುವುದಿಲ್ಲ. ಮಣ್ಣಿನ ಮಾಳಿಗೆ, ಹೆಂಚು, ಸಿಮೆಂಟ್ ಶೀಟು ಎಲ್ಲವೂ ಇವೆ. 100 ಲೀಟರಿನ ಹೀಟರು ನೀರು ತುಂಬಿದಾಗ ಒಂದೂವರೆ ಕ್ವಿಂಟಾಲಿನಷ್ಟು ತೂಗುತ್ತದೆ. ಅದನ್ನು ಹಳೆಯ ಮಾಳಿಗೆಯ ಮೇಲೆ ಹೇರಬಾರದು. ಅಂಥ ಮನೆಗಳಲ್ಲಿ ಬಚ್ಚಲಿಗೆ ಹೊಂದಿಕೊಂಡಂತೆ ಹಿತ್ತಲಿನಲ್ಲೇ ಗಟ್ಟಿ ಕಟ್ಟೆ ಕಟ್ಟಿ, ನೆರಳು ಬೀಳದ ಕಡೆ ಕೂರಿಸಬಹುದು. ತಣ್ಣೀರಿನ ಟ್ಯಾಂಕು ಸೋಲಾರ್ ಟ್ಯಾಂಕಿಗಿಂತ ಎತ್ತರದಲ್ಲಿರಬೇಕು ಎಂಬ ಒಂದು ನಿಯಮ ತಪ್ಪಬಾರದು. 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್ ಮೂಲಕ ಮನೆಬಾಗಿಲಿಗೆ ನಲ್ಲಿ ಬಂದಿರುವುದು ಈ ಬದಲಾವಣೆಗೆ ದೊಡ್ಡ ಅನುಕೂಲ.

ಎರಡನೆಯ ತೊಡಕು ಗಡಸು ನೀರು. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ, ಗದಗ ಕಡೆಯ ಕೊಳವೆಬಾವಿ ನೀರು ಕಾದಾಗ ಪಾತ್ರೆಯ ತಳದಲ್ಲಿ ಬಿಳಿಯ ಪೊರೆ ಕಟ್ಟುತ್ತದೆ. ಪ್ಲೇಟ್ ಸೋಲಾರಿನ ಸಣ್ಣ ತಾಮ್ರದ ಕೊಳವೆಗಳಲ್ಲಿ ಈ ಸುಣ್ಣ ಕಟ್ಟಿದರೆ ನೀರಿನ ಓಡಾಟವೇ ನಿಲ್ಲುತ್ತದೆ. ಇಂಥ ಊರುಗಳಿಗೆ ಅಗಲ ಬಾಯಿಯ ಟ್ಯೂಬ್ ಸೋಲಾರ್ ವಾಸಿ. ಟ್ಯೂಬುಗಳನ್ನು ಬಿಚ್ಚಿ ತೊಳೆಯಬಹುದು. ಟ್ಯಾಂಕಿನೊಳಗಿನ ಮೆಗ್ನೀಸಿಯಂ ಸರಳು ತಾನು ಸವೆದು ಟ್ಯಾಂಕನ್ನು ತುಕ್ಕಿನಿಂದ ಕಾಯುತ್ತದೆ. ಅದನ್ನು ಕೆಲವು ವರ್ಷಕ್ಕೊಮ್ಮೆ ಬದಲಿಸಬೇಕೆಂಬ ಮಾತನ್ನು ಮಾರುವವರು ಹೇಳದೇ ಬಿಡುತ್ತಾರೆ. ಕೇಳಿ ತಿಳಿದುಕೊಳ್ಳಬೇಕು.

ಮೂರನೆಯದು ಬರಗಾಲದ ಸೀಮೆಗೆ ಬಹಳ ಮುಖ್ಯ. ಸೋಲಾರಿನಿಂದ ಬಚ್ಚಲಿಗೆ ಪೈಪು ಉದ್ದವಾದಷ್ಟೂ ಬಿಸಿನೀರು ಬರುವ ಮೊದಲು ತಣ್ಣೀರು ಹರಿದುಹೋಗುತ್ತದೆ. ಕೊಡದ ಲೆಕ್ಕದಲ್ಲಿ ನೀರು ಹೊರುವ ಊರಿನಲ್ಲಿ ಇದು ಸಲ್ಲದು. ಹೀಟರನ್ನು ಬಚ್ಚಲಿಗೆ ಆದಷ್ಟು ಹತ್ತಿರವಿಟ್ಟು, ಬಿಸಿನೀರಿನ ಪೈಪಿಗೆ ಹೊದಿಕೆ ಸುತ್ತಿಸಿ, ಮೊದಲು ಬರುವ ನೀರನ್ನು ಬೇರೆ ಬಕೆಟ್ಟಿನಲ್ಲಿ ಹಿಡಿದು ಪಾತ್ರೆಗೋ ದನಕರುಗಳಿಗೋ ಬಳಸಬೇಕು.

ಕೊಳ್ಳುವ ಮುನ್ನ, ಕೊಂಡ ಮೇಲೆ

- ಫಲಕ ದಕ್ಷಿಣಕ್ಕೆ ಮುಖ ಮಾಡಿರಲಿ. ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ಬೇವಿನ ಮರದ್ದಾಗಲಿ, ನೀರಿನ ಟ್ಯಾಂಕಿನದ್ದಾಗಲಿ ನೆರಳು ಬೀಳಬಾರದು.
- ತಲೆಗೆ 20ರಿಂದ 25 ಲೀಟರ್ ಲೆಕ್ಕ ಹಿಡಿಯಿರಿ. ನಾಲ್ಕೈದು ಜನರ ಮನೆಗೆ 100 ಲೀಟರ್ ಸಾಕು. ದೊಡ್ಡದನ್ನು ಕೊಂಡರೆ ಹಣ ವ್ಯರ್ಥ.
- ಒಣಗಿದ, ಬಿಸಿಲಿಗೆ ಕಾದ ಗಾಜಿನ ಟ್ಯೂಬಿಗೆ ಮಧ್ಯಾಹ್ನ ತಣ್ಣೀರು ಬಿಡಬೇಡಿ, ಸಿಡಿಯುತ್ತದೆ. ಟ್ಯಾಂಕು ಖಾಲಿಯಾಗಿದ್ದರೆ ಬೆಳಗಿನ ಜಾವ ಅಥವಾ ಸೂರ್ಯ ಮುಳುಗಿದ ಮೇಲೆ ತುಂಬಿಸಿ.
- ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಧೂಳು ಒರೆಸಿ. ಬೇಸಿಗೆಯಲ್ಲಿ ನೀರು ವಿಪರೀತ ಕಾದರೆ ಕೆಲವು ಟ್ಯೂಬುಗಳ ಮೇಲೆ ಗೋಣಿತಾಟು ಹೊದಿಸಿ.
- ಬಿಸಿಲಿನ ದಿನ ನೀರು 70 ಡಿಗ್ರಿ ದಾಟಬಹುದು. ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಮಕ್ಕಳಿಗೂ ಬಾಣಂತಿಗೂ ಹದ ನೋಡದೆ ಎರೆಯಬೇಡಿ.
- ವಾರಂಟಿ ಚೀಟಿಯಲ್ಲಿ ಟ್ಯಾಂಕಿಗೆ ಎಷ್ಟು ವರ್ಷ, ಟ್ಯೂಬಿಗೆ ಎಷ್ಟು ಎಂದು ಬರೆಸಿಕೊಳ್ಳಿ. ರಿಪೇರಿಗೆ ಬರುವವರು ನಿಮ್ಮ ತಾಲ್ಲೂಕಿನಲ್ಲೇ ಇದ್ದಾರೆಯೇ ವಿಚಾರಿಸಿ.

ದುಡ್ಡು ಮತ್ತು ಸಾಲ

100 ಲೀಟರಿನ ಟ್ಯೂಬ್ ಸೋಲಾರಿಗೆ ಗುಣಮಟ್ಟ ನೋಡಿಕೊಂಡು ಸುಮಾರು 15ರಿಂದ 25 ಸಾವಿರ ರೂಪಾಯಿ ಆಗುತ್ತದೆ. ಚೆನ್ನಾಗಿ ನೋಡಿಕೊಂಡರೆ ಹದಿನೈದು ವರ್ಷ ಬಾಳುವ ವಸ್ತು. 2025ರ ಸೆಪ್ಟೆಂಬರ್ 22ರಿಂದ ಇದರ ಮೇಲಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿರುವುದು ಒಳ್ಳೆಯ ಸುದ್ದಿ. ಆದರೂ ಕೂಲಿ ಮಾಡುವ, ಎರಡು ಎಕರೆ ಒಣಬೇಸಾಯ ಮಾಡುವ ಮನೆಗೆ ಇಷ್ಟು ಹಣವನ್ನು ಒಟ್ಟಿಗೆ ಹೊಂದಿಸುವುದು ಕಷ್ಟ.

ಸಾಲದ ದಾರಿಯೂ ಈ ನಾಡಿನಲ್ಲೇ ಇದೆ. 1995ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸೆಲ್ಕೋ ಸಂಸ್ಥೆ ಗ್ರಾಮೀಣ ಬ್ಯಾಂಕುಗಳ ಸಾಲದ ನೆರವಿನಿಂದಲೇ ಹಳ್ಳಿಗಳಿಗೆ ಸೋಲಾರ್ ದೀಪ ತಲುಪಿಸಿತು. ಅದರ ಸ್ಥಾಪಕರಲ್ಲೊಬ್ಬರಾದ ಹರೀಶ್ ಹಂದೆ ಅವರಿಗೆ 2011ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ಕಂತು ಬಡವರ ಆದಾಯದ ಹದಕ್ಕೆ ತಕ್ಕಂತಿದ್ದು, ರಿಪೇರಿ ಮಾಡುವವರು ಹತ್ತಿರದಲ್ಲೇ ಸಿಕ್ಕರೆ ಬಡವರೂ ಸೋಲಾರ್ ಕೊಳ್ಳುತ್ತಾರೆ ಎಂಬುದನ್ನು ಆ ಅನುಭವ ತೋರಿಸಿಕೊಟ್ಟಿತು. ದೀಪಕ್ಕೆ ಸಾಧ್ಯವಾದದ್ದು ಬಿಸಿನೀರಿಗೂ ಸಾಧ್ಯ.

ಸರ್ಕಾರದ ಗಮನ ಮಾತ್ರ ನಗರದಲ್ಲೇ ನಿಂತಿದೆ. 2007ರಲ್ಲಿ ಕರ್ನಾಟಕ ಸರ್ಕಾರ ನಗರಗಳ ಹೊಸ ಕಟ್ಟಡಗಳಿಗೆ ಸೋಲಾರ್ ವಾಟರ್ ಹೀಟರ್ ಕಡ್ಡಾಯ ಮಾಡಿತು. ಸೋಲಾರ್ ಇದ್ದವರಿಗೆ ಯೂನಿಟ್ಟಿಗೆ 50 ಪೈಸೆಯಂತೆ ತಿಂಗಳಿಗೆ 50 ರೂಪಾಯಿವರೆಗೆ ಬಿಲ್ಲಿನಲ್ಲಿ ರಿಯಾಯಿತಿಯನ್ನೂ ಕೊಟ್ಟಿತು. ಅದರ ಫಲವಾಗಿ ಬೆಂಗಳೂರಿನ ತಾರಸಿಗಳು ಸೋಲಾರ್ ಟ್ಯಾಂಕುಗಳಿಂದ ತುಂಬಿದವು, ರಾಜ್ಯ ಈ ವಿಷಯದಲ್ಲಿ ದೇಶಕ್ಕೇ ಮುಂದಾಯಿತು. 2010ರ ರಾಷ್ಟ್ರೀಯ ಸೌರ ಮಿಷನ್ ಅಡಿ ಸಿಗುತ್ತಿದ್ದ ಕೇಂದ್ರದ ಸಹಾಯಧನ ಮಾತ್ರ 2014ರಲ್ಲಿ ನಿಂತಿತು. 2024ರಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆ ಚಾವಣಿಯ ವಿದ್ಯುತ್ ಫಲಕಗಳಿಗೆ 78,000 ರೂಪಾಯಿವರೆಗೆ ನೆರವು ಕೊಡುತ್ತದೆ, ನೀರು ಕಾಯಿಸುವ ಸೋಲಾರ್ ಅದರಲ್ಲಿ ಇಲ್ಲ. ವಿದ್ಯುತ್ ಫಲಕ ತನ್ನ ಮೇಲೆ ಬಿದ್ದ ಬಿಸಿಲಿನ ಐದರಲ್ಲೊಂದು ಪಾಲನ್ನು ಹಿಡಿದರೆ, ನೀರಿನ ಫಲಕ ಸುಮಾರು ಅರ್ಧವನ್ನು ಹಿಡಿಯುತ್ತದೆ. ಬಿಸಿನೀರೇ ಬೇಕಾದ ಕಡೆ ಹೆಚ್ಚು ಫಲ ಕೊಡುವ, ಕಡಿಮೆ ಬೆಲೆಯ ಸಾಧನವನ್ನೇ ಯೋಜನೆಯಿಂದ ಹೊರಗಿಟ್ಟಿದ್ದೇವೆ.

ವಿದ್ಯಾರ್ಥಿ ನಿಲಯಗಳು, ವಸತಿ ಶಾಲೆಗಳು, ಹೆರಿಗೆ ವಾರ್ಡುಗಳಿಗೆ ಈ ಮಾತು ಇನ್ನಷ್ಟು ಅನ್ವಯಿಸುತ್ತದೆ. ನೂರು ಮಕ್ಕಳಿರುವ ಹಾಸ್ಟೆಲಿನಲ್ಲಿ ಚಳಿಗಾಲದ ಬೆಳಿಗ್ಗೆ ಬಿಸಿನೀರು ಆರೋಗ್ಯದ ಪ್ರಶ್ನೆ. ಸೋಲಾರ್ ಜೊತೆಗೆ ಅಂಥ ಕಡೆ ಹೀಟ್ ಪಂಪ್ ಕೂಡ ಹೊಂದುತ್ತದೆ. ಸುತ್ತಲಿನ ಗಾಳಿಯ ಶಾಖವನ್ನು ಎಳೆದು ನೀರಿಗೆ ಸೇರಿಸುವ ಈ ಯಂತ್ರ ಒಂದು ಯೂನಿಟ್ ವಿದ್ಯುತ್ ಬಳಸಿ ಸುಮಾರು ಮೂರು ಯೂನಿಟ್ ಶಾಖ ಕೊಡುತ್ತದೆ. ನಮ್ಮಂಥ ಬೆಚ್ಚಗಿನ ಹವೆಯಲ್ಲಿ ಅದರ ಕೆಲಸ ಚೆನ್ನಾಗಿ ನಡೆಯುತ್ತದೆ. ಬೆಲೆ ದುಬಾರಿಯಾದ್ದರಿಂದ ಒಂದೊಂದು ಮನೆಗೆ ಸದ್ಯ ಹೊರೆ, ಸಂಸ್ಥೆಗಳಿಗೆ ಲಾಭ.

ಈಗ ಆಗಬೇಕಾದದ್ದು

ಇಸ್ರೇಲ್ 1980ರಲ್ಲೇ ಹೊಸ ಮನೆಗಳಿಗೆ ಸೌರ ನೀರು ಕಾಯಿಸುವ ವ್ಯವಸ್ಥೆಯನ್ನು ಕಾನೂನಿನ ಮೂಲಕ ಕಡ್ಡಾಯ ಮಾಡಿತು. ಇಂದು ಅಲ್ಲಿನ ಬಹುಪಾಲು ಮನೆಗಳಲ್ಲಿ ಅದು ಇದೆ. ನಮ್ಮ ಬಯಲುಸೀಮೆಗೆ ಬಿಸಿಲಿನಲ್ಲಿ ಏನೂ ಕಡಿಮೆಯಿಲ್ಲ. ಇಲ್ಲಿ ಕಡ್ಡಾಯಕ್ಕಿಂತ ನೆರವು ಮುಖ್ಯ. ವಸತಿ ಯೋಜನೆಗಳಲ್ಲಿ ಕಟ್ಟುವ ಪ್ರತಿ ಮನೆಯ ನಕ್ಷೆಯಲ್ಲೇ ಸೋಲಾರಿಗೆ ಜಾಗ, ಬಿಸಿನೀರಿಗೆ ಪೈಪು ಸೇರಬೇಕು. ಗ್ರಾಮೀಣ ಬ್ಯಾಂಕುಗಳು ಮತ್ತು ಸ್ತ್ರೀಶಕ್ತಿ ಸಂಘಗಳು ಸುಗ್ಗಿಯ ಕಾಲಕ್ಕೆ ಹೊಂದುವ ಕಂತಿನಲ್ಲಿ ಸಾಲ ಕೊಡಬೇಕು. ಹೋಬಳಿಗೊಬ್ಬರಂತೆ ಊರಿನ ಹುಡುಗ ಹುಡುಗಿಯರಿಗೆ ಸೋಲಾರ್ ರಿಪೇರಿಯ ತರಬೇತಿ ಸಿಗಬೇಕು. ಕೆಟ್ಟಾಗ ನೋಡುವವರಿಲ್ಲದೆ ಮಾಳಿಗೆಯ ಮೇಲೆ ತುಕ್ಕು ಹಿಡಿದ ಒಂದು ಟ್ಯಾಂಕು ಇಡೀ ಊರಿನ ನಂಬಿಕೆಯನ್ನು ಕೆಡಿಸುತ್ತದೆ.

ಓದುಗರಿಗೂ ಒಂದು ಮಾತು. ಹೊಸ ಮನೆ ಕಟ್ಟುತ್ತಿದ್ದರೆ ಗೀಸರಿನ ಪಾಯಿಂಟಿಗಿಂತ ಮೊದಲು ಸೋಲಾರಿನ ಪೈಪ್ ಹಾಕಿಸಿ. ಊರಲ್ಲಿ ಅಪ್ಪ ಅಮ್ಮ ಇದ್ದರೆ ಮುಂದಿನ ಹಬ್ಬಕ್ಕೆ ಟಿವಿಗೋ ಸೋಫಾಗೋ ಹಾಕುವ ದುಡ್ಡಿನಲ್ಲಿ ಅವರ ಬಚ್ಚಲಿಗೆ ಸೋಲಾರ್ ಕೂರಿಸಿಕೊಡಿ. ದೀಪಾವಳಿಯ ನೀರು ತುಂಬುವ ಹಬ್ಬದಂದು ಹಂಡೆ ತೊಳೆದು, ಅಲಂಕರಿಸಿ, ಎಣ್ಣೆಸ್ನಾನಕ್ಕೆ ಒಲೆ ಹೊತ್ತಿಸುವ ಸಂಭ್ರಮ ಇರಲಿ. ಉಳಿದ ದಿನಗಳ ಬಿಸಿನೀರನ್ನು ಬಿಸಿಲಿಗೇ ಬಿಟ್ಟುಬಿಡಿ.